ಸಹಿ ಹಾಕುವ ಮೊದಲು: ಜರ್ಮನಿಯಲ್ಲಿ ಓದುವವರ ಆರೋಗ್ಯ ವಿಮೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯಿಂದ ಓದಲಿಕ್ಕೆಂದು ಜರ್ಮನಿಗೆ ಬಂದವರಿಗೆ ಆಸ್ಪತ್ರೆ ಕಾರ್ಡು ಹೊಸದಲ್ಲ. ಊರಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ಮಣಿಪಾಲದ ಆರೋಗ್ಯ ಕಾರ್ಡು ಇರುತ್ತದೆ. ಕೌಂಟರಿನಲ್ಲಿ ತೋರಿಸಿದರೆ ಬಿಲ್ಲಿನಲ್ಲಿ ರಿಯಾಯಿತಿ. ಸಹಕಾರಿ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆಯೂ ಗೊತ್ತು. ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕಟ್ಟಿ ರೂಢಿಯಾದವರಿಗೆ ಇಲ್ಲಿನ ಸಾರ್ವಜನಿಕ ವಿಮೆಯ ಕಂತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ: ತಿಂಗಳಿಗೆ ಸುಮಾರು 140 ಯೂರೊ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿಟ್ಟ 11,904 ಯೂರೊದಿಂದ ತಿಂಗಳಿಗೆ ಕೈಗೆ ಬರುವುದೇ 992. ಅದರಲ್ಲಿ ಏಳನೇ ಒಂದು ಪಾಲು ಬರೀ ವಿಮೆಗೆ! ಅದೇ ಹೊತ್ತಿಗೆ ಖಾಸಗಿ ಕಂಪನಿಯೊಂದು ಮೂವತ್ತು ನಲವತ್ತು ಯೂರೊಗೆ ಪಾಲಿಸಿ ಕೊಡುತ್ತೇನೆ ಅಂದರೆ ಸಾಲ ತೆಗೆದು ಬಂದವರ ಮನಸ್ಸು ಅತ್ತ ವಾಲುವುದು ಸಹಜ.

ಆದರೆ ಇಲ್ಲಿ ನೋಡಬೇಕಾದದ್ದು ಕಂತಿಗಿಂತ ಮೊದಲು ಆ ಪಾಲಿಸಿಗಾಗಿ ಹಾಕುವ ಸಹಿಯನ್ನು. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗೆ ಟೆಕ್ನೀಕರ್, ಎಒಕೆ, ಬಾರ್ಮರ್‌ನಂಥ ಸಾರ್ವಜನಿಕ ನಿಧಿಗಳಲ್ಲೊಂದರ ಸದಸ್ಯತ್ವ ಕಾನೂನಿನಂತೆ ಕಡ್ಡಾಯ. ಖಾಸಗಿ ಬೇಕೆಂದರೆ ಮೂರು ತಿಂಗಳೊಳಗೆ ವಿನಾಯಿತಿ ಕೇಳಬೇಕು. ವಿನಾಯಿತಿ ಒಮ್ಮೆ ಸಿಕ್ಕಿತೆಂದರೆ ಓದು ಮುಗಿಯುವವರೆಗೆ ಹಿಂತೆಗೆಯುವಂತಿಲ್ಲ. ಮೊದಲ ಸೆಮಿಸ್ಟರಿನಲ್ಲಿ ತಿಂಗಳಿಗೆ ಉಳಿಸಿದ ನೂರು ಯೂರೊ ನಾಲ್ಕನೇ ಸೆಮಿಸ್ಟರಿನವರೆಗೂ ಕಟ್ಟಿಹಾಕುತ್ತದೆ. ಈ ನಡುವೆ ಹೆಂಡತಿಯೋ ಗಂಡನೋ ಊರಿಂದ ಬಂದರೆ, ಮಗು ಹುಟ್ಟಿದರೆ ಲೆಕ್ಕವೇ ಬದಲು. ಸಾರ್ವಜನಿಕ ನಿಧಿಯಲ್ಲಿ ಸಂಪಾದನೆ ಇಲ್ಲದ ಸಂಗಾತಿ ಮತ್ತು ಮಕ್ಕಳು ಅದೇ 140 ಯೂರೊದೊಳಗೆ, ಒಂದು ಸೆಂಟೂ ಹೆಚ್ಚಿಲ್ಲದೆ ಸೇರುತ್ತಾರೆ. ಖಾಸಗಿಯಲ್ಲಿ ತಲೆಗೊಂದು ಪಾಲಿಸಿ. ಹೆರಿಗೆಗೆ ಸಾಮಾನ್ಯವಾಗಿ ಕಾಯುವ ಅವಧಿ ಬೇರೆ, ಮೊದಲೇ ಇದ್ದ ಕಾಯಿಲೆ ಲೆಕ್ಕಕ್ಕೇ ಇಲ್ಲ. ಮೂರು ಜನರ ಸಂಸಾರಕ್ಕೆ ಅಗ್ಗದ್ದು ಯಾವುದೆಂದು ಆಗ ಕೂಡಿಸಿ ನೋಡಿ.

“ಇಪ್ಪತ್ತೆರಡರ ಹುಡುಗನಿಗೆ ಎಂಥ ಕಾಯಿಲೆ?” ಎನ್ನುವವರಿದ್ದಾರೆ. ಕಾಯಿಲೆ ಬರಲಿಕ್ಕಿಲ್ಲ, ಒಪ್ಪೋಣ. ಸೈಕಲಿನಿಂದ ಬಿದ್ದು ಕೈ ಮುರಿದರೆ? ಸಾರ್ವಜನಿಕ ಕಾರ್ಡು ಇದ್ದವರು ಅದನ್ನು ಕೌಂಟರಿನ ಯಂತ್ರಕ್ಕೆ ತೂರಿಸಿದರಾಯಿತು, ಬಿಲ್ಲು ಕೈಗೇ ಬರುವುದಿಲ್ಲ. ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೊ, ಅದೂ ವರ್ಷಕ್ಕೆ 28 ದಿನಗಳ ಮಿತಿ. ಚೀಟಿ ಬರೆದ ಔಷಧಿಗೆ 5ರಿಂದ 10 ಯೂರೊ. ಅಗ್ಗದ ಖಾಸಗಿ ಪಾಲಿಸಿಯವರು ಡಾಕ್ಟರ ಬಿಲ್ಲನ್ನು ಬಹುಮಟ್ಟಿಗೆ ಮೊದಲು ತಾವೇ ಕಟ್ಟಿ, ಆಮೇಲೆ ಕ್ಲೇಮಿಗೆ ಕಾಯಬೇಕು. ಖಾಸಗಿಯವರಿಗೆ ಡಾಕ್ಟರು ಬೇಗ ಸಿಗುತ್ತಾರೆ ಎಂಬ ಮಾತೂ ಇದೆ. ಅದು ನಿಜವೇ, ಆದರೆ ದೊಡ್ಡ ಸಂಬಳದವರು ಕೊಳ್ಳುವ ಪೂರ್ಣ ಖಾಸಗಿ ವಿಮೆಯ ಮಟ್ಟಿಗೆ. ನಲವತ್ತು ಯೂರೊದ ಪಾಲಿಸಿ ಆ ಜಾತಿಯದ್ದಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳ ಪರವಾನಗಿ ಸಿಗುತ್ತದೆ. ಆಗ ಸಾರ್ವಜನಿಕ ಸದಸ್ಯರು ಕಂತು ಸಾಕಷ್ಟು ಹೆಚ್ಚಾದರೂ ಅಲ್ಲೇ ಮುಂದುವರಿಯಬಹುದು. ಖಾಸಗಿಯಲ್ಲಿದ್ದವರಿಗೆ ಸಾಮಾನ್ಯವಾಗಿ ಕೆಲಸ ಸಿಗುವವರೆಗೆ ಆ ಬಾಗಿಲು ತೆರೆಯದು.

ಈ ಮಾತು ಎಲ್ಲರಿಗೂ ಹೊಂದುವುದಿಲ್ಲ. ಮೂವತ್ತು ದಾಟಿದವರಿಗೆ, ಬರೀ ಭಾಷಾ ಕೋರ್ಸಿಗೆ ಬಂದವರಿಗೆ ವಿದ್ಯಾರ್ಥಿ ದರ ಸಿಗುವುದಿಲ್ಲ. ಅವರು ಖಾಸಗಿಯಲ್ಲೇ ಹೆರಿಗೆ, ಹಲ್ಲು, ಹಳೆಯ ಕಾಯಿಲೆ ಈ ಮೂರು ಕಲಮುಗಳನ್ನು ಓದಿ ಆರಿಸಬೇಕು. ಊರಿಂದ ತಂದ ಟ್ರಾವೆಲ್ ಪಾಲಿಸಿ ವಿಮಾನ ಇಳಿದ ದಿನದಿಂದ ಕಾಲೇಜಿನ ದಾಖಲಾತಿಯವರೆಗಿನ ಕೆಲವು ವಾರಗಳಿಗಷ್ಟೇ ಸಾಕು. ಉಳಿದವರ ಮುಂದೆ ಏಜೆಂಟರು ಒಂದು ಪುಟದ ಅರ್ಜಿ ಇಟ್ಟರೆ ಅದರಲ್ಲಿ ‘ಬೆಫ್ರೈಯುಂಗ್’ ಎಂಬ ಪದ ಇದೆಯೇ ನೋಡಿ. ವಿನಾಯಿತಿ ಎಂದರೆ ಅದೇ. ಇದ್ದರೆ ಪೆನ್ನು ಕೆಳಗಿಟ್ಟು, ಮನೆಗೆ ಒಯ್ದು ಓದಿ. ಮೂರು ತಿಂಗಳ ಸಮಯವಿದೆ.