ಯಾವುದರ ಕಾಲುಪಾಲು?

ಲೆಕ್ಕವೆಂದರೆ ಅಂಜುವ ಬಾಲಿಕೆಯರನ್ನು ನಾವು ವಿಚಾರಿಸಿ ನೋಡಿದರೆ, ಬಹುಮಂದಿಯ ಅಂಜಿಕೆಯು ಭಿನ್ನರಾಶಿಯ ಪಾಠದಲ್ಲಿಯೇ ಹುಟ್ಟಿರುವುದು ಕಂಡುಬರುತ್ತದೆ. ಕೂಡುವುದನ್ನೂ ಕಳೆಯುವುದನ್ನೂ ಅವರು ಚೆನ್ನಾಗಿ ಬಲ್ಲರು. ಆದರೆ ‘ಯಾವುದರ ಪಾಲು?’ ಎಂದು ಕೇಳಿಕೊಳ್ಳದೆಯೇ ಲೆಕ್ಕಕ್ಕೆ ಕೈಹಾಕುವರು.

ಬಿಕ್ಕೋಡಿನ ಕಡೆಯ ಮನೆಗಳಿಗೆ ಒಪ್ಪುವ ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ಗೃಹಿಣಿಯೊಬ್ಬಳು ತನ್ನ ಕಾಳುಮೆಣಸಿನಲ್ಲಿ ಮೂರನೆಯ ಒಂದು ಪಾಲನ್ನು ಬೇಲೂರಿನಲ್ಲಿ ಮಾರಿದಳು. ಉಳಿದುದರಲ್ಲಿ ಕಾಲುಪಾಲನ್ನು ಮಗಳ ಮನೆಗೆ ಕಳುಹಿದಳು. ಮನೆಯಲ್ಲಿ 18 ಕಿಲೋ ಮಿಕ್ಕಿತು. ಮೊದಲು ಇದ್ದುದೆಷ್ಟು? ತಿಳಿಯದ ಮೊತ್ತವನ್ನು ‘ಯ’ ಎನ್ನೋಣ. ಮಾರಿದ ಮೇಲೆ ಉಳಿದುದು ‘ಯ’ದ 2/3. ಅದರ ಕಾಲುಪಾಲೆಂದರೆ ‘ಯ’ದ 1/6. 2/3ರಲ್ಲಿ 1/6ನ್ನು ಕಳೆದರೆ 1/2. ‘ಯ’ದ ಅರ್ಧವು 18 ಆದುದರಿಂದ ‘ಯ’ ಎಂಬುದು 36 ಕಿಲೋ.

‘ಉಳಿದುದರಲ್ಲಿ’ ಎಂಬ ಮಾತನ್ನು ಬಿಟ್ಟು ಓದಿದವಳು 1/3ಕ್ಕೆ 1/4ನ್ನು ಕೂಡಿಸಿ 7/12 ಎನ್ನುವಳು. ಮಿಕ್ಕ 5/12 ಭಾಗವೇ 18 ಎಂದು ತಿಳಿದು 43⅕ ಕಿಲೋ ಎಂದು ಬರೆಯುವಳು. ಅವಳ ಕೂಡುವಿಕೆಯಲ್ಲಿ ದೋಷವಿಲ್ಲ; ಒಂದು ಪದವನ್ನು ಕಾಣದೆ ಹೋದುದರಿಂದ ಇಲ್ಲದ 7⅕ ಕಿಲೋ ಮೆಣಸು ಹುಟ್ಟಿಕೊಂಡಿತು. ಇದು ಮೆಣಸಿನ ಮಾತು ಮಾತ್ರವಲ್ಲ. 1994ರ ಕರ್ನಾಟಕದ ತಿದ್ದುಪಡಿಯಿಂದಲೂ 2005ರ ಕೇಂದ್ರ ತಿದ್ದುಪಡಿಯಿಂದಲೂ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಗಂಡುಮಕ್ಕಳೊಡನೆ ಸಮಪಾಲಿನ ಹಕ್ಕು ಬಂದಿದೆ. ಪಾಲುಪತ್ರದಲ್ಲಿ ‘ಒಟ್ಟಿನಲ್ಲಿ’ ಎಂದಿದೆಯೋ ‘ಉಳಿದುದರಲ್ಲಿ’ ಎಂದಿದೆಯೋ ಎಂಬುದನ್ನು ರುಜು ಹಾಕುವ ಮುನ್ನ ಓದಿ ತಿಳಿಯಬೇಕಾದವಳು ಈಗ ಆಕೆಯೇ.

ಈ ಭೇದವು ಹೊಸತಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಒಟ್ಟಿನ ಪಾಲಿನ ಲೆಕ್ಕಗಳನ್ನು ‘ಭಾಗಜಾತಿ’ ಎಂದೂ, ಉಳಿದುದರ ಪಾಲಿನವನ್ನು ‘ಶೇಷಜಾತಿ’ ಎಂದೂ ಬೇರ್ಪಡಿಸುತ್ತದೆ. ಆ ಗ್ರಂಥವನ್ನು 2000ದಲ್ಲಿ ಕನ್ನಡಕ್ಕೆ ತಂದವರು ಪದ್ಮಾವತಮ್ಮ ಎಂಬ ಮಹಿಳಾ ವಿದ್ವಾಂಸರೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಸಂತೋಷವನ್ನುಂಟುಮಾಡದಿರದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ನಡೆಯಿತಷ್ಟೆ. ಅದೇ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

ಛೇದಗಳನ್ನು ಸಮಮಾಡುವುದಕ್ಕೆ ಮಹಾವೀರನು ‘ನಿರುದ್ಧ’ವನ್ನು ಕಂಡುಹಿಡಿಯಲು ಹೇಳುತ್ತಾನೆ. ನಾವು ಲಘುತಮ ಸಾಮಾನ್ಯ ಅಪವರ್ತ್ಯವೆನ್ನುವುದು ಅದನ್ನೇ. (ಹಳೆಯ ಹೆಸರೇ ಬಾಯಿಗೆ ಹಗುರವೆಂದು ನಮಗೆ ತೋರುತ್ತದೆ.) ಇದರ ಬಲವು 17 ಹಸುಗಳ ಕಥೆಯಲ್ಲಿ ಕಾಣುತ್ತದೆ. ತಂದೆಯು ಹಿರಿಯ ಮಗುವಿಗೆ ಅರ್ಧ, ಎರಡನೆಯದಕ್ಕೆ ಮೂರನೆಯ ಒಂದು, ಕಿರಿಯದಕ್ಕೆ ಒಂಬತ್ತನೆಯ ಒಂದು ಎಂದು ಹೇಳಿ ತೀರಿಕೊಂಡನು. 17ನ್ನು ಹಾಗೆ ಹಂಚಲಾಗದು. ನೆರೆಯವನು ತನ್ನದೊಂದು ಹಸುವನ್ನು ಸೇರಿಸಿ 18 ಮಾಡಿದನು. 9, 6, 2 ಎಂದು ಹಂಚಿದ ಮೇಲೆ ತನ್ನ ಹಸುವನ್ನು ಹೊಡೆದುಕೊಂಡು ಹೋದನು!

ಇದರಲ್ಲಿ ಮಾಟವೇನೂ ಇಲ್ಲ. 9 ಎಂಬುದು 3×3. ಆದುದರಿಂದ 2, 3, 9 ಇವುಗಳ ನಿರುದ್ಧವು 2×3×3, ಅಂದರೆ 18. ಮೂರು ಪಾಲುಗಳು ಕ್ರಮವಾಗಿ 9/18, 6/18, 2/18; ಕೂಡಿದರೆ 17/18. ತಂದೆಯು ಇದ್ದುದೆಲ್ಲವನ್ನೂ ಹಂಚಿಯೇ ಇರಲಿಲ್ಲ! ಯಾರಿಗಾದರೂ ಮೋಸವಾಯಿತೇ ಎಂದು ಮಕ್ಕಳು ಕೇಳುವುದುಂಟು. ಇಲ್ಲ, 8½ ಬರಬೇಕಾದಲ್ಲಿ 9 ಬಂದಿತು, ಉಳಿದಿಬ್ಬರಿಗೂ ಹಾಗೆಯೇ ತುಸು ಹೆಚ್ಚೇ ಬಂದಿತು.

ಕೊರತೆಯಾದ 1/18ನ್ನು ಸೇರಿಸಿದರೆ 1/2 + 1/3 + 1/9 + 1/18 = 1. ಒಂದನ್ನು, ಅಂಶವು ಒಂದೇ ಆಗಿರುವ ಭಿನ್ನರಾಶಿಗಳಾಗಿ ಒಡೆಯಲು ಮಹಾವೀರನು ಕೊಟ್ಟ ಸೂತ್ರದಿಂದ ಬರುವ ನಾಲ್ಕು ಪಾಲುಗಳು ಇವೇ. ಅದೇ ಸೂತ್ರದಿಂದ ಐದು ಪಾಲು ಮಾಡಿದರೂ ಮೊದಲ ಮೂರು ಬದಲಾಗುವುದಿಲ್ಲ. ಕೊನೆಯ ಎರಡನ್ನು ತಾಯ್ತಂದೆಗಳು ಮಕ್ಕಳೊಡನೆ ಕುಳಿತು ಹುಡುಕಲಿ. ನಾಲ್ಕನೆಯದರ ಛೇದವು 3×3×3 ಎಂಬುದಿಷ್ಟನ್ನು ಹೇಳಿಬಿಡುತ್ತೇವೆ.