ಬಾವು ಇಳಿಯುವ ಬಗೆ

ಸುಗ್ಗಿಯಲ್ಲಿ ಬ್ಯಾಡಗಿಯ ಪೇಟೆಗೆ ಬಂದವರು ಮೊದಲು ಸೀನುವರು, ಆಮೇಲೆ ಮಾತನಾಡುವರು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಮಾತು ನಿಜವೇ. ಆದರೆ ದಿನವಿಡೀ ತೊಟ್ಟು ಬಿಡಿಸುವವರ ಬೆರಳಿಗೆ ಆ ಕಡಿಮೆ ಖಾರವೇ ಸಾಕು. ನನ್ನ ಅವ್ವ ಆ ಕೆಲಸದವಳು. ಹೋದ ಸುಗ್ಗಿಯಲ್ಲಿ ಅವಳ ತೋರುಬೆರಳಿಗೆ ಉಗುರುಸುತ್ತು ಆಗಿ ಬಾತುಕೊಂಡಿತು. “ಕೈ ಹೆಂಗೈತಿ ಅವ್ವಾ?” ಎಂದು ಕೇಳಿದೆ. “ಖಾರದ ಉರಿ ರಾತ್ರೀನ ಹೋತು. ಬಾವು ಐತಿ. ಅದೂ ತಾನ ಇಳೀತೈತಿ ಬಿಡು” ಎಂದಳು.

ಉರಿ ಬೇರೆ, ಬಾವು ಬೇರೆ ಎಂಬುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ತಾನೇ ಇಳಿಯುವುದಾದರೆ ಇಳಿಸುವವರು ಯಾರು? ಇತಿಹಾಸದ ವಿದ್ಯಾರ್ಥಿಯಾದ ನಾನು, ರಾಣೆಬೆನ್ನೂರಿನಲ್ಲಿ ಬಿ.ಎಸ್‌ಸಿ. ಓದುತ್ತಿರುವ ಸೋದರಮಾವನ ಮಗಳಿಂದ ಪುಸ್ತಕಗಳನ್ನು ತಂದು, ಹಾವೇರಿಗೆ ಬಂದುಹೋಗುವ ರೈಲಿನಲ್ಲಿ ಓದಿದೆನು. ತಿಳಿದಷ್ಟನ್ನು ಇಲ್ಲಿ ಅರಿಕೆ ಮಾಡಿಕೊಳ್ಳುವೆನು.

ಉರಿಯ ಕಥೆ ಸಣ್ಣದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ದ್ರವ್ಯವು ನರದ ತುದಿಯ ಒಂದು ಬಾಗಿಲನ್ನು ತೆರೆಯುವುದು. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ ಮೀರಿದ ಬಿಸಿಗೂ ತೆರೆಯುವುದು ಅದೇ ಬಾಗಿಲು. ಆದುದರಿಂದಲೇ ಖಾರವು ಸುಟ್ಟಂತೆ ಅನಿಸುವುದು. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ಸರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಈ ದ್ರವ್ಯ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದು. ಅವ್ವ ಕೈ ತೊಳೆಯುವ ಮೊದಲು ಎಣ್ಣೆ ಸವರಿಕೊಳ್ಳುವುದು ಸರಿಯಾದ ರಸಾಯನಶಾಸ್ತ್ರವೇ.

ಬಾವಿನ ಕಥೆಗೆ ನಮ್ಮ ದಲಾಲಿ ಅಂಗಡಿಯನ್ನು ನೆನೆಯಬೇಕು. ಖಾತೆ ಪುಸ್ತಕ ಒಳಗೇ ಇರುವುದು. ಗುಮಾಸ್ತನು ಅದರಿಂದ ಚೀಟಿ ಬರೆದು ಹೊರಗೆ ಕೊಡುವನು. ಹಮಾಲರು ಚೀಟಿಯಂತೆ ಚೀಲ ಎತ್ತುವರು. ಜೀವಕೋಶದಲ್ಲಿ ಪುಸ್ತಕವೆಂದರೆ ಡಿಎನ್‌ಎ, ಚೀಟಿಯೆಂದರೆ ಆರ್‌ಎನ್‌ಎ, ಚೀಟಿಯಂತೆ ತಯಾರಾಗುವ ಸರಕೆಂದರೆ ಪ್ರೋಟೀನು. ಬಹುಕಾಲ ವಿದ್ವಾಂಸರು ಇಷ್ಟೇ ಎಂದು ತಿಳಿದಿದ್ದರು. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಎಂಬವರು ಒಂದು ಮಿಲಿಮೀಟರು ಉದ್ದದ ಹುಳುವಿನಲ್ಲಿ ಇನ್ನೊಂದು ಬಗೆಯ ಚೀಟಿಯನ್ನು ಕಂಡರು. ಅದಕ್ಕೆ ಸುಮಾರು 22 ಅಕ್ಷರ ಮಾತ್ರ. ಅದು ಯಾವ ಸರಕನ್ನೂ ತರಿಸುವುದಿಲ್ಲ. ದೊಡ್ಡ ಚೀಟಿಗೆ ಅಂಟಿಕೊಂಡು ಅದನ್ನು ರದ್ದುಮಾಡುವುದು. ಇದೇ ಮೈಕ್ರೋ ಆರ್‌ಎನ್‌ಎ. ಹುಳುವಿನ ಒಂದು ವಿಚಿತ್ರವೆಂದು ಕೆಲವು ವರ್ಷ ಯಾರೂ ಹೆಚ್ಚು ಲಕ್ಷ್ಯಕೊಡಲಿಲ್ಲ. 2000ದಲ್ಲಿ ಇಂಥದೇ ಇನ್ನೊಂದು ಚೀಟಿ ಮನುಷ್ಯನಲ್ಲೂ ಇರುವುದು ಗೊತ್ತಾಯಿತು. ನೊಬೆಲ್ ಬಂದದ್ದು 2024ರಲ್ಲಿ!

ಇನ್ನು ಅವ್ವನ ಬೆರಳಿಗೆ ಬರೋಣ. ಉಗುರಿನ ಬದಿಯ ಸೀಳಿನಿಂದ ಕ್ರಿಮಿ ಒಳಹೊಕ್ಕಾಗ, ಕಾವಲಿನ ಕೋಶಗಳು ಅದರ ಹೊರಪದರದ ತುಣುಕನ್ನು ಗುರುತಿಸುವವು. ಸುದ್ದಿಯು ಐಆರ್‌ಎಕೆ-1, ಟಿಆರ್‌ಎಎಫ್-6 ಎಂಬ ಎರಡು ಪ್ರೋಟೀನುಗಳ ಕೈದಾಟಿ, ಅದುವರೆಗೆ ಕಟ್ಟುಬಿದ್ದಿದ್ದ ಎನ್‌ಎಫ್-ಕಪ್ಪಾ-ಬಿ ಎಂಬುದನ್ನು ಬಿಡಿಸುವುದು. ಅದು ಕೋಶಕೇಂದ್ರಕ್ಕೆ ಓಡಿ ಉರಿಯೂತದ ಚೀಟಿಗಳನ್ನು ಬರೆಸುವುದು. ರಕ್ತ ನುಗ್ಗುವುದು, ಬೆರಳು ಕೆಂಪಾಗಿ ಊದುವುದು.

ಸೋಜಿಗವಿರುವುದು ಇಲ್ಲಿ. ಅದೇ ಎನ್‌ಎಫ್-ಕಪ್ಪಾ-ಬಿ ಅದೇ ಹೊತ್ತಿನಲ್ಲಿ 146ಎ ಎಂಬ ಮೈಕ್ರೋ ಆರ್‌ಎನ್‌ಎಯನ್ನೂ ಬರೆಸುವುದು. ಅದು ರದ್ದುಮಾಡುವುದು ಯಾವ ಚೀಟಿಗಳನ್ನು? ಸುದ್ದಿ ತಂದ ಆ ಎರಡು ಪ್ರೋಟೀನುಗಳ ಚೀಟಿಗಳನ್ನೇ! ಬೆಂಕಿ ಹಚ್ಚಿದ ಕೈಯೇ ಕೊಡದಲ್ಲಿ ನೀರನ್ನೂ ತುಂಬಿಡುವುದು. ಇದನ್ನು 2006ರಲ್ಲಿ ಡೇವಿಡ್ ಬಾಲ್ಟಿಮೋರರ ಪ್ರಯೋಗಶಾಲೆಯವರು ತೋರಿಸಿದರು. 2011ರಲ್ಲಿ 146ಎ ಇಲ್ಲದ ಇಲಿಗಳನ್ನು ನೋಡಿದಾಗ, ವಯಸ್ಸಾದಂತೆ ಅವುಗಳ ರಕ್ಷಣಾಪಡೆ ತಮ್ಮ ದೇಹದ ಮೇಲೆಯೇ ತಿರುಗಿಬಿದ್ದಿತ್ತು, ಗಡ್ಡೆಗಳೂ ಬೆಳೆದಿದ್ದವು. ಎಲ್ಲ ಸಣ್ಣ ಚೀಟಿಗಳೂ ಶಾಂತಿದೂತರಲ್ಲ. 155 ಎಂಬುದು ತಡೆಯುವವರನ್ನೇ ತಡೆದು ಉರಿಯೂತವನ್ನು ಹೆಚ್ಚಿಸುವುದು.

ಕ್ರಿಮಿ ಇಲ್ಲದೆಯೂ ಕೋಶ ಸಂಕಟಪಡುವುದುಂಟು. ಆಗ ಆಂಜಿಯೋಜೆನಿನ್ ಎಂಬ ಕಿಣ್ವವು, ಪ್ರೋಟೀನಿಗೆ ಸಾಮಗ್ರಿ ಹೊರುವ ಆರ್‌ಎನ್‌ಎಗಳಲ್ಲಿ ಕೆಲವನ್ನು ನಡುವೆ ಕತ್ತರಿಸುವುದು. ಆ ತುಂಡುಗಳು ಹೊಸ ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುವವು. ಬರಗಾಲದಲ್ಲಿ ಮನೆಯ ಖರ್ಚು ಹಿಡಿದಂತೆ.

ಹಾಗಾದರೆ ಕೆಲವರ ಬಾವು ವರ್ಷಗಟ್ಟಲೆ ಇಳಿಯದೇಕೆ? ನನ್ನನ್ನು ಬಹಳ ಕಾಡಿದ್ದು ಇದು. ರೂಮಟಾಯ್ಡ್ ಎಂಬ ಕೀಲುವಾತದ ರೋಗಿಗಳಲ್ಲಿ 146ಎ ಕಡಿಮೆ ಇರಬೇಕೆಂದು ನಾನು ಊಹಿಸಿದ್ದೆನು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರ ರಕ್ತದ ಕೋಶಗಳನ್ನು ಅಳೆದಾಗ ಅದು ಹೆಚ್ಚಾಗಿಯೇ ಇತ್ತು. ಆದರೆ ಆ ಎರಡು ಪ್ರೋಟೀನುಗಳು ತಗ್ಗಿರಲಿಲ್ಲ. ನೀರು ತುಂಬಿದೆ, ಬೆಂಕಿಗೆ ಮಾತ್ರ ತಲುಪುತ್ತಿಲ್ಲ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಎಲ್ಲ ಬಾವೂ ತಾನೇ ಇಳಿಯುವುದಿಲ್ಲ, ಕೀವು ಕಟ್ಟಿದರೆ ಆಸ್ಪತ್ರೆಗೆ ಹೋಗಬೇಕು ಎಂದೂ ಹೇಳಿದೆ. “ಅಷ್ಟು ಸಣ್ಣ ಚೀಟಿ ಯಾರು ಓದ್ತಾರೋ ಯಪ್ಪಾ?” ಎಂದು ನಕ್ಕಳು. ಆರನೆಯ ದಿನ ಬೆರಳು ಇಳಿಯಿತು. ಏಳನೆಯ ದಿನ ಬಟ್ಟೆ ಸುತ್ತಿಕೊಂಡು ತೊಟ್ಟು ಬಿಡಿಸಲು ಹೋದಳು. ಈ ಲೇಖನ ಬರೆಯುವ ಹೊತ್ತಿಗೆ ನಡುಬೆರಳಿನ ಉಗುರಿನ ಬದಿ ಕೆಂಪಾಗಿದೆ.