ಯಾವ ಷೇರಿಗೆ ಎಷ್ಟು ತೂಕ?

ಲೋಲಕದ ಪ್ರಯೋಗದಲ್ಲಿ ಇಬ್ಬರು ವಿದ್ಯಾರ್ಥಿಗಳು ಗುರುತ್ವ ವೇಗೋತ್ಕರ್ಷವನ್ನು ಅಳೆದು ತಂದರೆನ್ನೋಣ. ಎರಡನೆಯವನ ಅಳತೆಯ ದೋಷವು ಮೊದಲನೆಯವನದರ ಎರಡರಷ್ಟು. ಸರಾಸರಿ ತೆಗೆಯುವಾಗ ನಾವು ಇಬ್ಬರನ್ನೂ ಸಮನಾಗಿ ಎಣಿಸುವುದಿಲ್ಲ. ದೋಷದ ವರ್ಗಕ್ಕೆ ವಿಲೋಮಾನುಪಾತದಲ್ಲಿ ತೂಕ ಕೊಡುತ್ತೇವೆ. ಎರಡನೆಯವನಿಗೆ ದೊರೆಯುವುದು ಕಾಲುಭಾಗದ ತೂಕ ಮಾತ್ರ. ಉಳಿತಾಯದ ಹಣವನ್ನು ಷೇರುಗಳಲ್ಲಿ ಹಂಚುವವರಿಗೂ ಇಂಥದೇ ಲೆಕ್ಕ ಒದಗುತ್ತದೆಂದರೆ ಓದುಗರಿಗೆ ಸೋಜಿಗವಾದೀತು.

ಪೇಟೆಯಲ್ಲಿ ಸಂಕೇತಗಳು ಇಲ್ಲದಿಲ್ಲ. ಹಿಂದಿನ 3ರಿಂದ 12 ತಿಂಗಳುಗಳಲ್ಲಿ ಹೆಚ್ಚು ಏರಿದ ಷೇರುಗಳು ಮುಂದಿನ ಕೆಲವು ತಿಂಗಳುಗಳಲ್ಲಿಯೂ ಸರಾಸರಿಯಾಗಿ ಮುಂದಿದ್ದುದನ್ನು ಜಗದೀಶ್ ಮತ್ತು ಟಿಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಅಮೆರಿಕದ ದಾಖಲೆಗಳಿಂದ ತೋರಿಸಿದರು. ಆದರೆ ಯಾವುದನ್ನು ಕೊಳ್ಳಬೇಕೆಂದು ಸಂಕೇತ ಸೂಚಿಸಿದರೂ ಎಷ್ಟು ಕೊಳ್ಳಬೇಕೆಂಬುದು ಬೇರೆಯೇ ಪ್ರಶ್ನೆ.

ಎರಡು ಷೇರುಗಳು ಬ್ಯಾಂಕಿನ ಬಡ್ಡಿಗಿಂತ ವರ್ಷಕ್ಕೆ ಶೇಕಡ 4ರಷ್ಟು ಹೆಚ್ಚು ತರುವುವೆಂದು ಸಂಕೇತ ಹೇಳುತ್ತಿದೆ; ಒಂದರ ವಾರ್ಷಿಕ ಏರಿಳಿತ ಶೇಕಡ 20, ಇನ್ನೊಂದರದು 40 ಎನ್ನೋಣ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ತೊಡಗಿಸಿದ ವಿಚಾರಸರಣಿಯಂತೆ, ಎರಡರ ಚಲನೆಗೂ ಪರಸ್ಪರ ಸಂಬಂಧವಿಲ್ಲದಿದ್ದರೆ, ನಿರೀಕ್ಷಿತ ಹೆಚ್ಚುವರಿಯನ್ನು ಏರಿಳಿತದ ವರ್ಗದಿಂದ ಭಾಗಿಸಿ ಬಂದುದೇ ತೂಕ. ಅನುಪಾತ 4:1. 10,000 ರೂಪಾಯಿಗಳಲ್ಲಿ 8,000 ಮೊದಲನೆಯದಕ್ಕೆ, 2,000 ಎರಡನೆಯದಕ್ಕೆ. (ನಿಜವಾದ ಷೇರುಗಳು ಬಹುಮಟ್ಟಿಗೆ ಜೊತೆಯಾಗಿಯೇ ಏರಿಳಿಯುವುದರಿಂದ ಲೆಕ್ಕ ಇನ್ನಷ್ಟು ಉದ್ದವಾಗುತ್ತದೆ.)

ಆದರೆ ಆ 4 ಎಂಬ ಸಂಖ್ಯೆ ಬಂದುದೆಲ್ಲಿಂದ? ತೊಡಕಿರುವುದು ಇಲ್ಲಿಯೇ. ನಾಲ್ಕು ವರ್ಷಗಳ ಬೆಲೆಗಳಿಂದ ಅದನ್ನು ಕಂಡುಹಿಡಿದೆವೆಂದರೆ, ಮೊದಲನೆಯ ಷೇರಿನಲ್ಲಿಯೇ ಸರಾಸರಿಯ ದೋಷ 20ನ್ನು 4ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಶೇಕಡ 10. ಅಳೆಯಹೊರಟ ವಸ್ತುವಿಗಿಂತ ದೋಷವೇ ದೊಡ್ಡದು! ಅದು 4ಕ್ಕೆ ಇಳಿಯಬೇಕಾದರೆ 25 ವರ್ಷಗಳು ಬೇಕು.

ನಮ್ಮ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. "ದಿನದಿನದ ಬೆಲೆ ಬರೆದಿಟ್ಟಿದ್ದೇನೆ, ಸಾವಿರ ಅಳತೆಗಳಿವೆಯಲ್ಲ?" ಎಂದರು. ಏರಿಳಿತವನ್ನು ಅಳೆಯಲು ಆ ಸಾವಿರವೂ ನಿಜವಾಗಿ ನೆರವಾಗುತ್ತವೆ. ಸರಾಸರಿ ಏರಿಕೆಗಾದರೋ ಮೊದಲ ದಿನದ ಬೆಲೆ ಮತ್ತು ಕೊನೆಯ ದಿನದ ಬೆಲೆ ಎರಡೇ ಸಾಕ್ಷಿ. ನಡುವಿನವೆಲ್ಲ ಕೂಡಿಸುವಾಗ ಹೊಡೆದುಹೋಗುತ್ತವೆ. ಹೀಗೆ ತೂಕದ ಛೇದವನ್ನು ನಾವು ಚೆನ್ನಾಗಿಯೇ ಬಲ್ಲೆವು, ಅಂಶವನ್ನು ಮಾತ್ರ ಮಸುಕಾಗಿ. ಆದುದರಿಂದ ಸಮಪಾಲಿನಿಂದ ಹೊರಟು, ಏರಿಳಿತಕ್ಕೆ ತಕ್ಕಂತೆ ತಿದ್ದಿ, ಸಂಕೇತದ ಕಡೆಗೆ ಸ್ವಲ್ಪವೇ ವಾಲುವುದು ಲೇಸೆಂದು ನಮಗೆ ತೋರುತ್ತದೆ.

1990ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮಾರ್ಕೊವಿಟ್ಜ್ ಕೂಡ, ತರುಣರಾಗಿದ್ದಾಗ ತಮ್ಮ ನಿವೃತ್ತಿಯ ಉಳಿತಾಯವನ್ನು ಷೇರುಗಳಿಗೂ ಬಾಂಡುಗಳಿಗೂ ಅರ್ಧರ್ಧವಾಗಿ ಹಂಚಿದ್ದರಂತೆ.